ಎಣಿಸಿದ್ದನ್ನೇ ಬರೆಯಿರಿ: ಹೊಸ ನರ್ಸಿಂಗ್ ಮಕ್ಕಳ ಜೊತೆ ವಾರ್ಡಿನಲ್ಲಿ

ನಮ್ಮ ನರ್ಸಿಂಗ್ ಕಾಲೇಜಿನಲ್ಲಿ ಮೊದಲ ಸೆಮಿಸ್ಟರಿನ ಕ್ಲಿನಿಕಲ್ ಪೋಸ್ಟಿಂಗ್, ಅಂದರೆ ಮಕ್ಕಳನ್ನು ವಾರ್ಡಿಗೆ ಕರೆದೊಯ್ದು ಕಲಿಸುವ ಕೆಲಸ, ಯಾರಿಗೂ ಬೇಡ. ಐಸಿಯು ಕೊಡಿ, ಲೇಬರ್ ರೂಮ್ ಕೊಡಿ, ಈ ಹೊಸ ಮಕ್ಕಳನ್ನು ಮಾತ್ರ ಕೊಡಬೇಡಿ ಅನ್ನುತ್ತಾರೆ ಜೊತೆಯ ಟೀಚರ್‌ಗಳು. ಅವರ ಮಾತಲ್ಲೂ ಹುರುಳಿದೆ. ಪಿಯುಸಿ ಮುಗಿಸಿ ನೇರ ಬಂದ ಹದಿನೇಳು ಹದಿನೆಂಟರ ಮಕ್ಕಳು. ಎಷ್ಟೋ ಜನಕ್ಕೆ ಕನ್ನಡ ಬರುವುದಿಲ್ಲ. ವಾರ್ಡಿನ ಬಾಗಿಲಲ್ಲೇ ಗುಂಪು ಕಟ್ಟಿ ನಿಂತು, ಸ್ಟ್ರೆಚರಿಗೆ ದಾರಿ ಬಿಡದೆ ವಾರ್ಡ್ ಬಾಯ್ ಹತ್ತಿರ ಬೈಸಿಕೊಳ್ಳುತ್ತಾರೆ. ನಾನು ಮಾತ್ರ ಪ್ರತಿ ವರ್ಷ ಕೇಳಿ ಈ ಬ್ಯಾಚ್ ತೆಗೆದುಕೊಳ್ಳುತ್ತೇನೆ. ಮೂರನೇ ವರ್ಷಕ್ಕೆ ಬರುವ ಹೊತ್ತಿಗೆ ಇವರಲ್ಲಿ ಹಲವರಿಗೆ ಒಂದು ಚಟ ಅಂಟಿರುತ್ತದೆ. ಎಣಿಸದೆ ಬರೆಯುವ ಚಟ. ಆಮೇಲೆ ಅದನ್ನು ಬಿಡಿಸುವುದು ಬಹಳ ಕಷ್ಟ.

ನಾನು ಕೆಲಸ ಮಾಡಿದ ವಾರ್ಡುಗಳ ಟಿಪಿಆರ್ ಚಾರ್ಟ್‌ಗಳನ್ನೇ ಹೇಳುತ್ತೇನೆ. ಟೆಂಪರೇಚರ್ ಬೇರೆ ಬೇರೆ, ಪಲ್ಸ್ ಬೇರೆ ಬೇರೆ. ರೆಸ್ಪಿರೇಷನ್, ಅಂದರೆ ನಿಮಿಷಕ್ಕೆ ಎಷ್ಟು ಉಸಿರು ಅನ್ನುವ ಕಾಲಂ ಮಾತ್ರ ಮೇಲಿಂದ ಕೆಳಗೆ 20, 20, 20. ನ್ಯುಮೋನಿಯಾ ಆದವರಿಗೂ 20, ಕಾಲು ಮುರಿದವರಿಗೂ 20. ಸಿಸ್ಟರ್‌ಗಳನ್ನು ದೂರಿ ಪ್ರಯೋಜನವಿಲ್ಲ. ಬೆಳಗಿನ ಜಾವ ಇಡೀ ವಾರ್ಡಿಗೆ ಒಬ್ಬರೇ ಇದ್ದು, ವೈಟಲ್ಸ್ (ಟೆಂಪರೇಚರ್, ಪಲ್ಸ್, ಉಸಿರು, ಬಿಪಿ), ಇಂಜೆಕ್ಷನ್, ಸ್ಯಾಂಪಲ್, ಹ್ಯಾಂಡೋವರ್ ಎಲ್ಲ ಅವರ ತಲೆಗೇ ಬಂದರೆ ಒಬ್ಬೊಬ್ಬರ ಉಸಿರು ಒಂದೊಂದು ನಿಮಿಷ ಎಣಿಸುತ್ತಾ ಕೂರಲು ಎಲ್ಲಿ ಆಗುತ್ತದೆ? ಆದರೆ ಮಕ್ಕಳು ಅದನ್ನು ನೋಡಿ ಕಲಿಯುತ್ತಾರೆ ಅಲ್ವಾ, ಅದೇ ನನ್ನ ತಲೆನೋವು.

ರೋಗಿ ಹದಗೆಡುವಾಗ ಮೊದಲು ಕೆಡುವುದು ಎಷ್ಟೋ ಸಲ ಉಸಿರೇ. ಬಿಪಿ ಬೀಳುವುದು ಆಮೇಲೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ ‘ನ್ಯೂಸ್’ ಅನ್ನುವ, ರೋಗಿ ಹದಗೆಡುವುದನ್ನು ಮೊದಲೇ ಹಿಡಿಯುವ ಸ್ಕೋರ್ ಒಂದಿದೆ. ಅದನ್ನು ನಾನು ಬೋರ್ಡ್ ಮೇಲೆ ಬರೆದು ತೋರಿಸುತ್ತೇನೆ. ಉಸಿರು ನಿಮಿಷಕ್ಕೆ 12ರಿಂದ 20 ಇದ್ದರೆ ಸೊನ್ನೆ. 21ರಿಂದ 24 ಆದರೆ 2 ಅಂಕ. 25 ಅಥವಾ ಅದಕ್ಕೂ ಮೇಲೆ ಹೋದರೆ 3. ಇದೊಂದಕ್ಕೇ 3 ಬಂದರೂ ಡಾಕ್ಟರನ್ನು ಕರೆಯಬೇಕು. ಅಂದರೆ 26 ಇದ್ದವರಿಗೆ ಸುಮ್ನೆ 20 ಅಂತ ಬರೆದರೆ ಏನಾಗುತ್ತದೆ ಅಂತ ಮಕ್ಕಳೇ ಲೆಕ್ಕ ಹಾಕಿ ಹೇಳಲಿ ಅಂತ ಬಿಡುತ್ತೇನೆ. ಹೇಳುತ್ತಾರೆ.

ಇಂಡಿಯನ್ ನರ್ಸಿಂಗ್ ಕೌನ್ಸಿಲ್ 2021ರಲ್ಲಿ ತಂದ ಹೊಸ ಬಿಎಸ್ಸಿ ಸಿಲಬಸ್ ಪ್ರಕಾರ ಮೊದಲ ಸೆಮಿಸ್ಟರಿನ ನರ್ಸಿಂಗ್ ಫೌಂಡೇಶನ್‌ಗೆ ಸ್ಕಿಲ್ ಲ್ಯಾಬ್ 80 ಗಂಟೆ, ಕ್ಲಿನಿಕಲ್ 160 ಗಂಟೆ. ಲ್ಯಾಬಿನ ಗಂಟೆಗಳನ್ನು ಮ್ಯಾನಿಕಿನ್, ಅಂದರೆ ರೋಗಿಯ ಗೊಂಬೆಯ ಮುಂದೆ ಕಳೆಯುವುದು ಸುಲಭ. ಬೆಡ್ ಮೇಕಿಂಗ್, ಸ್ಪಾಂಜ್ ಬಾತ್‌ಗೆ ಅದು ಸಾಕು. ನಮ್ಮ ಮ್ಯಾನಿಕಿನ್‌ಗೆ ಉಸಿರೇ ಇಲ್ಲ. ಅದಕ್ಕೇ ವೈಟಲ್ಸ್ ಕಲಿಸುವಾಗ ಅದಕ್ಕೆ ಬೆಡ್‌ಶೀಟ್ ಹೊದಿಸಿ ಮಲಗಿಸಿಬಿಡುತ್ತೇನೆ. ಮಕ್ಕಳೇ ಒಬ್ಬರಿಗೊಬ್ಬರು ಪೇಷೆಂಟ್.

ಮೊದಲ ಕೆಲಸ ಗಡಿಯಾರ. ಈಗಿನ ಮಕ್ಕಳ ಕೈಯಲ್ಲಿ ಸೆಕೆಂಡ್ ಮುಳ್ಳಿರುವ ವಾಚ್ ಇರುವುದಿಲ್ಲ, ಫೋನನ್ನು ವಾರ್ಡಿನಲ್ಲಿ ತೆಗೆಯುವ ಹಾಗಿಲ್ಲ. ಯೂನಿಫಾರ್ಮಿನ ಎದೆಗೆ ಪಿನ್ ಹಾಕಿ ತೂಗುಬಿಡುವ ವಾಚ್ ತರಲು ಹೇಳುತ್ತೇನೆ. ಮಣಿಕಟ್ಟು ಖಾಲಿ ಇದ್ದರೆ ಕೈ ತೊಳೆಯಲೂ ಅನುಕೂಲ. ಆಮೇಲೆ ಮೂರು ಮೂರು ಜನರ ಗುಂಪು. ಒಬ್ಬರು ಮಲಗುತ್ತಾರೆ, ಇಬ್ಬರು ಒಟ್ಟಿಗೆ ಅವರ ಪಲ್ಸ್ ಎಣಿಸುತ್ತಾರೆ. ಒಬ್ಬರು ಎಡಗೈ, ಇನ್ನೊಬ್ಬರು ಬಲಗೈ. ನಾನು ‘ಶುರು’ ಅನ್ನುತ್ತೇನೆ, ಒಂದು ನಿಮಿಷಕ್ಕೆ ‘ನಿಲ್ಲಿಸಿ’ ಅನ್ನುತ್ತೇನೆ. ಮಾತಾಡುವ ಹಾಗಿಲ್ಲ. ಎಣಿಸಿದ್ದನ್ನು ಚೀಟಿಯಲ್ಲಿ ಬರೆದು ಮಡಚಿ ನನ್ನ ಕೈಗೆ ಕೊಡಬೇಕು. ಇಬ್ಬರ ಚೀಟಿಯನ್ನೂ ಎಲ್ಲರ ಎದುರು ಬಿಚ್ಚುತ್ತೇನೆ. ಒಂದೆರಡು ಹೆಚ್ಚು ಕಡಿಮೆ ಇದ್ದರೆ ಸರಿ. ಒಬ್ಬಳು 72, ಇನ್ನೊಬ್ಬಳು 88 ಅಂದರೆ ಮತ್ತೆ ಶುರು. ಇದರಲ್ಲಿ ಆಟದ ಖುಷಿ ಇದೆ, ನಗು ಇದೆ. ಮೇಲಾಗಿ ತನ್ನ ಸಂಖ್ಯೆಯನ್ನು ಇನ್ನೊಬ್ಬರು ಪರೀಕ್ಷಿಸುತ್ತಾರೆ ಅನ್ನುವುದು ಮೊದಲ ವಾರದಲ್ಲೇ ಅಭ್ಯಾಸವಾಗುತ್ತದೆ.

ಉಸಿರಿಗೆ ಇನ್ನೊಂದು ಉಪಾಯ. ಮಲಗಿದ್ದವರನ್ನು ಎಬ್ಬಿಸಿ ಮೂರು ಮಹಡಿ ಮೆಟ್ಟಿಲು ಹತ್ತಿಸಿ ಇಳಿಸಿ ಮತ್ತೆ ಮಲಗಿಸುವುದು. ಈಗ ಎಣಿಸಿ ನೋಡಿ ಅನ್ನುತ್ತೇನೆ. 28, 30 ಉಸಿರು ಅಂದರೆ ನೋಡಲು ಹೇಗಿರುತ್ತದೆ ಅಂತ ಅವರ ಕಣ್ಣಿಗೆ ಆಗ ಗೊತ್ತಾಗುತ್ತದೆ. ಹಾಗೇ ‘ನಿಮ್ಮ ಉಸಿರು ಎಣಿಸುತ್ತಿದ್ದೇನೆ’ ಅಂತ ಹೇಳಿ ಎಣಿಸಿ ನೋಡಿ ಅಂತಲೂ ಹೇಳುತ್ತೇನೆ. ಹೇಳಿದ ತಕ್ಷಣ ಮಲಗಿದವರ ಉಸಿರು ಬದಲಾಗುತ್ತದೆ. ಅದಕ್ಕೇ ಪಲ್ಸ್ ನೋಡಿದ ಮೇಲೆ ಕೈ ಬಿಡದೆ, ಪಲ್ಸ್ ಎಣಿಸುತ್ತಿರುವ ಹಾಗೇ ಇದ್ದು, ಕಣ್ಣು ಮಾತ್ರ ಎದೆಯ ಕಡೆ ತಿರುಗಿಸಬೇಕು. ಸೀರೆಯ ಸೆರಗು, ಶಾಲು, ಕಂಬಳಿಯ ಕೆಳಗೆ ಎದೆ ಏಳುವುದು ಕಾಣಿಸದಿದ್ದರೆ ರೋಗಿಯ ಕೈಯನ್ನೇ ಮಡಚಿ ಅವರ ಹೊಟ್ಟೆಯ ಮೇಲೆ ಇಟ್ಟುಕೊಂಡು ಪಲ್ಸ್ ಹಿಡಿದರೆ ಆಯಿತು. ಉಸಿರಿಗೆ ತಕ್ಕ ಹಾಗೆ ಕೈ ಏಳುತ್ತದೆ, ಇಳಿಯುತ್ತದೆ.

ವಾರ್ಡಿಗೆ ಹೋಗುವ ಮೊದಲು ಎರಡು ವಿಷಯ ಗಟ್ಟಿ ಮಾಡಿಸುತ್ತೇನೆ. ಒಂದು, ಹೆಪಟೈಟಿಸ್ ಬಿ ಲಸಿಕೆ. 0, 1, 6 ತಿಂಗಳ ಲೆಕ್ಕದಲ್ಲಿ ಮೂರು ಡೋಸ್, ಹಾಗಾಗಿ ಅಡ್ಮಿಷನ್ ಆದ ವಾರವೇ ಶುರು ಮಾಡಿಸಬೇಕು. ಇನ್ನೊಂದು, ಬೆಳಗಿನ ತಿಂಡಿ. ಹಾಸ್ಟೆಲಿನ ಉಪ್ಪಿಟ್ಟು ಸೇರುವುದಿಲ್ಲ ಅಂತ ಬರಿ ಹೊಟ್ಟೆಯಲ್ಲಿ ಬಂದು ಡ್ರೆಸ್ಸಿಂಗ್ ನೋಡುತ್ತಾ ನಿಂತವರು ಧೊಪ್ಪನೆ ಬೀಳುತ್ತಾರೆ. ಆಗ ಇರುವ ಪೇಷೆಂಟ್ ಬಿಟ್ಟು ಇವರ ಬಿಪಿ ನೋಡಬೇಕು. ತಿಂಡಿ ತಿನ್ನದವರನ್ನು ನಾನು ಬಸ್ ಹತ್ತಿಸುವುದಿಲ್ಲ. ಸೂಜಿಯನ್ನಂತೂ ಈ ಸೆಮಿಸ್ಟರಿನಲ್ಲಿ ಯಾರೂ ಮುಟ್ಟುವ ಹಾಗಿಲ್ಲ. ಆಸ್ಪತ್ರೆ ಕಸದ ಹಳದಿ, ಕೆಂಪು, ನೀಲಿ ಡಬ್ಬಗಳು, ಸೂಜಿಯ ಬಿಳಿ ಡಬ್ಬ, ಯಾವುದಕ್ಕೆ ಏನು ಅಂತ ಗೊತ್ತಿದ್ದರೆ ಸದ್ಯಕ್ಕೆ ಸಾಕು.

ಮೊದಲ ದಿನ ಇಬ್ಬರಿಗೆ ಒಬ್ಬ ರೋಗಿ. ಕೇಸ್ ಶೀಟ್ ಮುಟ್ಟುವಂತಿಲ್ಲ. ಇದು ನನ್ನದೇ ಕಾನೂನು, ಕೆಲವು ಟೀಚರ್‌ಗಳು ಒಪ್ಪುವುದಿಲ್ಲ. ಶೀಟ್ ಕೈಗೆ ಸಿಕ್ಕರೆ ಮಕ್ಕಳು ಬೆನ್ನು ತಿರುಗಿಸಿ ಕಿಟಕಿ ಹತ್ತಿರ ಹೋಗಿ ಅದನ್ನೇ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ. ಹಿಂದಿನ ದಿನದ ಪಲ್ಸ್ 84 ಅಂತ ಕಣ್ಣಿಗೆ ಬಿದ್ದರೆ ಇವತ್ತಿನದೂ 84ರ ಆಸುಪಾಸಿಗೇ ಬಂದು ನಿಲ್ಲುತ್ತದೆ. ಅದಕ್ಕೇ ಮೊದಲು ರೋಗಿ, ಆಮೇಲೆ ಕಾಗದ.

ಹೋದ ತಕ್ಷಣ ಹೆಸರು ಕೇಳಬೇಕು. ‘ನೀವು ಲಕ್ಷ್ಮಮ್ಮನಾ?’ ಅಂತ ಕೇಳಬಾರದು. ನಮ್ಮ ವಾರ್ಡಿನ ಅಜ್ಜಿಯರು ಡಾಕ್ಟರ್, ಸಿಸ್ಟರ್ ಏನು ಕೇಳಿದರೂ ‘ಹೂಂ ಕಣವ್ವ’ ಅಂದುಬಿಡುತ್ತಾರೆ. ಕಿವಿ ಕೇಳಿಸದಿದ್ದರೂ ಹೂಂ. ‘ನಿಮ್ಮ ಹೆಸರೇನಮ್ಮಾ? ಯಾವ ಊರು?’ ಅಂತ ಕೇಳಿ, ಅವರ ಬಾಯಿಂದಲೇ ಬರಬೇಕು. ಆಮೇಲೆ ಕೈಗೆ ಕಟ್ಟಿದ ಪಟ್ಟಿಯ ನಂಬರ್ ನೋಡಬೇಕು. ಒಂದೇ ವಾರ್ಡಿನಲ್ಲಿ ಇಬ್ಬರು ಮೂವರು ಲಕ್ಷ್ಮಮ್ಮಂದಿರು ಇರುವುದು ನಮ್ಮಲ್ಲಿ ದಿನದ ಮಾತು.

ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಬಂದ ಮಕ್ಕಳಿಗೆ ಇಷ್ಟು ಕನ್ನಡವನ್ನು ಲ್ಯಾಬಿನಲ್ಲೇ ಬಾಯಿಪಾಠ ಮಾಡಿಸಿರುತ್ತೇನೆ. ಊಟ ಆಯ್ತಾ, ನಿದ್ದೆ ಬಂತಾ, ಎಲ್ಲಿ ನೋವು, ಒಂದಕ್ಕೆ ಹೋದ್ರಾ, ಎರಡಕ್ಕೆ ಹೋದ್ರಾ. ಪ್ರತಿ ಜೋಡಿಯಲ್ಲಿ ಒಬ್ಬರು ಕನ್ನಡದವರು ಇರುವ ಹಾಗೆ ನೋಡಿಕೊಳ್ಳುತ್ತೇನೆ, ಆದರೆ ಮಾತು ಶುರು ಮಾಡಬೇಕಾದವರು ಹೊರಗಿನವರೇ. ತಪ್ಪು ಕನ್ನಡ ಕೇಳಿ ಪಕ್ಕದ ಬೆಡ್ಡಿನವರೂ ನಗುತ್ತಾರೆ. ನಕ್ಕ ಮೇಲೆ ಪೇಷೆಂಟ್ ಕಡೆಯವರೇ ಮೇಷ್ಟರಾಗಿಬಿಡುತ್ತಾರೆ, ನನಗೆ ಅಷ್ಟು ಕೆಲಸ ಕಡಿಮೆ.

ಈ ಜೋಡಿ ಎಣಿಕೆಯಿಂದ ಒಂದು ಸಲ ಆದದ್ದನ್ನು ಹೇಳುತ್ತೇನೆ. ಫೀಮೇಲ್ ಮೆಡಿಕಲ್ ವಾರ್ಡಿನಲ್ಲಿ ಒಬ್ಬರು ಅಜ್ಜಿ. ಹಳೆಯ ಹೃದಯದ ಕಾಯಿಲೆ. ಇಡುಕ್ಕಿ ಕಡೆಯ ಒಬ್ಬಳು, ಚಳ್ಳಕೆರೆ ಕಡೆಯ ಒಬ್ಬಳು ಅವರ ಎರಡೂ ಕೈ ಹಿಡಿದು ನಿಂತಿದ್ದರು. ಒಬ್ಬಳಿಗೆ 78, ಇನ್ನೊಬ್ಬಳಿಗೆ 90. ಮತ್ತೆ ಎಣಿಸಿದರು, ಮತ್ತೆ ಬೇರೆ ಬೇರೆ. ಮೂರನೇ ಸಲ ಅಜ್ಜಿಯೇ ಕೇಳಿದರು, “ಏನವ್ವಾ, ಇನ್ನೂ ಸಿಗ್ಲಿಲ್ವಾ? ಇದೀನಾ ಇಲ್ವಾ ನಾನು?” ಮಕ್ಕಳಿಗೆ ಅಳು ಬರುವುದೊಂದು ಬಾಕಿ. ಚಳ್ಳಕೆರೆಯವಳು ನನ್ನ ಹತ್ತಿರ ಬಂದು, “ಮ್ಯಾಮ್, ನಮ್ಮಿಬ್ರದ್ದೂ ಹೊಂದ್ತಾನೇ ಇಲ್ಲ. ಒಂದ್ಸಲ ಬೇಗ ಬೇಗ ಬಡಿಯುತ್ತೆ, ಒಂದ್ಸಲ ನಿಂತೇ ಹೋಗುತ್ತೆ” ಅಂದಳು.

ನಾನು ಹೋಗಿ ಬೆರಳಿಟ್ಟೆ. ಹುಡುಗಿ ಹೇಳಿದ್ದು ನಿಜ. ಲಯವೇ ಇಲ್ಲದ ಪಲ್ಸ್. ಹೃದಯದ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್. ಕೆಲವು ಬಡಿತಗಳು ಮಣಿಕಟ್ಟಿನ ತನಕ ಬರುವುದೇ ಇಲ್ಲ. ಇದು ಮೊದಲ ಸೆಮಿಸ್ಟರಿಗೆ ಸ್ವಲ್ಪ ಜಾಸ್ತಿಯೇ, ಆದರೂ ಅಲ್ಲೇ ತೋರಿಸಿದೆ. ಸ್ಕ್ರೀನ್ ಎಳೆದು, ಅಜ್ಜಿಗೆ ಹೇಳಿ, ಎಡಗಡೆ ಐದನೇ ಪಕ್ಕೆಲುಬಿನ ಸಂದಿಯಲ್ಲಿ, ಕಾಲರ್ ಬೋನಿನ ನಡುವಿನ ನೇರಕ್ಕೆ ಸ್ಟೆತ್ ಇಟ್ಟುಕೊಂಡು ಒಬ್ಬಳು ಎದೆಬಡಿತ ಎಣಿಸಿದಳು. ಇನ್ನೊಬ್ಬಳು ಅದೇ ಹೊತ್ತಿಗೆ ಮಣಿಕಟ್ಟಿನದು. ಇಬ್ಬರಿಗೂ ಒಂದೇ ವಾಚ್, ಪೂರ್ತಿ ಒಂದು ನಿಮಿಷ. ಎದೆಯಲ್ಲಿ 106, ಕೈಯಲ್ಲಿ 86. ಇಪ್ಪತ್ತರ ವ್ಯತ್ಯಾಸ. ಪುಸ್ತಕದಲ್ಲಿ ಇದನ್ನೇ ಪಲ್ಸ್ ಡೆಫಿಸಿಟ್ ಅನ್ನುತ್ತಾರೆ. ಡಾಕ್ಟರಿಗೆ ಕಾಯಿಲೆ ಗೊತ್ತಿತ್ತು, ಮಾತ್ರೆಯೂ ನಡೆಯುತ್ತಿತ್ತು. ಆದರೆ ಚಾರ್ಟಿನಲ್ಲಿ ಮಾತ್ರ ಮೂರು ದಿನದಿಂದ ಪಲ್ಸ್ 80, 82, 80. ರೌಂಡ್ಸಿಗೆ ಬಂದ ಡಾಕ್ಟರ್ ಆ ಎರಡು ಸಂಖ್ಯೆ ನೋಡಿ ಇಸಿಜಿ ಮಾಡಿಸಿ ಡೋಸ್ ಬದಲಿಸಿದರು. ಇಡುಕ್ಕಿಯವಳು ಆವತ್ತು ಅಜ್ಜಿಯ ಬೆಡ್ ಬಿಟ್ಟು ಕದಲಲೇ ಇಲ್ಲ.

ಬಿಪಿಯಲ್ಲಿ ಸುಳ್ಳು ಹಿಡಿಯುವುದು ಇನ್ನೂ ಸುಲಭ. ಕೈಯಲ್ಲಿ ಪಂಪ್ ಮಾಡುವ ಮೆಷಿನ್ನಿನ ಗೆರೆಗಳು ಎರಡೆರಡು ಮಿಲಿಮೀಟರಿಗೆ ಒಂದು. ಹಾಗಾಗಿ ಅದರಲ್ಲಿ ನೋಡಿದ್ದು ಸರಿ ಸಂಖ್ಯೆಯೇ ಆಗಿರಬೇಕು. 117/73 ಅಂತ ಬರೆದುಕೊಂಡು ಬಂದವರನ್ನು ‘ಎಲ್ಲಿ, ಆ 117ರ ಗೆರೆ ತೋರಿಸಮ್ಮ’ ಅಂತ ಮೆಷಿನ್ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಬೈಯುವುದಿಲ್ಲ. ಇಲ್ಲಿ ಸುಳ್ಳಿಗೆ ಕಾರಣ ಸೋಮಾರಿತನ ಅಲ್ಲ, ಭಯ. ಎಲ್ಲರಿಗೂ ಶಬ್ದ ಕೇಳಿಸಿತು, ನನಗೊಬ್ಬಳಿಗೇ ಕೇಳಿಸಲಿಲ್ಲ ಅನ್ನುವ ಭಯ. ನಿಜ ಹೇಳಬೇಕೆಂದರೆ ಮೊದಲ ಸಲ ಎಷ್ಟೋ ಜನಕ್ಕೆ ಕೇಳಿಸುವುದಿಲ್ಲ. ಸ್ಟೆತ್ತಿನ ಕಿವಿ ಹಿಂದು ಮುಂದಾಗಿರುತ್ತದೆ. ತುದಿ ಮೂಗಿನ ಕಡೆಗೆ ಬಾಗಿರಬೇಕು. ಇಲ್ಲವೇ ಸ್ಟೆತ್ತಿನ ತಲೆ ಬೆಲ್ (ಸಣ್ಣ ಬಟ್ಟಲಿನಂಥ ಬದಿ) ಕಡೆಗೆ ತಿರುಗಿರುತ್ತದೆ, ಡಯಾಫ್ರಂ (ಚಪ್ಪಟೆ ಬದಿ) ಮೇಲೆ ಎಷ್ಟು ಒತ್ತಿದರೂ ನಿಶ್ಶಬ್ದ. ಕೆಲವರು ದಪ್ಪ ಸ್ವೆಟರಿನ ಮೇಲೇ ಬಿಪಿ ಮೆಷಿನ್ನಿನ ಪಟ್ಟಿ (ಕಫ್) ಕಟ್ಟಿರುತ್ತಾರೆ.

ಅದಕ್ಕೆ ಮೊದಲು ಬೆರಳಲ್ಲೇ ಕಲಿಸುತ್ತೇನೆ. ಪಲ್ಸ್ ಹಿಡಿದುಕೊಂಡೇ ಗಾಳಿ ತುಂಬುತ್ತಾ ಹೋಗಿ. ಪಲ್ಸ್ ಎಲ್ಲಿ ನಿಲ್ಲುತ್ತದೋ ಆ ಸಂಖ್ಯೆ ನೆನಪಿಟ್ಟುಕೊಳ್ಳಿ. ಗಾಳಿ ಬಿಟ್ಟು, ಸ್ವಲ್ಪ ತಡೆದು, ಈಗ ಸ್ಟೆತ್ ಇಟ್ಟು ಅದಕ್ಕಿಂತ 30 ಮೇಲಕ್ಕೆ ಏರಿಸಿ, ಸೆಕೆಂಡಿಗೆ ಎರಡು ಮೂರು ಮಿಲಿಮೀಟರಿನಂತೆ ಇಳಿಸಿ. ಕೇಳಿಸದಿದ್ದರೂ ಮೇಲಿನ ಸಂಖ್ಯೆ ಸುಮಾರಾಗಿ ಎಲ್ಲಿದೆ ಅಂತ ಬೆರಳು ಹೇಳಿರುತ್ತದೆ. ಎರಡು ಜೊತೆ ಕಿವಿ ಇರುವ ಟೀಚಿಂಗ್ ಸ್ಟೆತ್ ನನ್ನ ಹತ್ತಿರ ಒಂದಿದೆ. ಕೈಯಿಂದ ದುಡ್ಡು ಹಾಕಿ ತಂದದ್ದು, ವಸೂಲಾಗಿದೆ. ಅವರು ಕೇಳುತ್ತಿರುವುದನ್ನೇ ನಾನೂ ಕೇಳುತ್ತಾ, ಶಬ್ದ ಶುರುವಾದಾಗ ಅವರ ಭುಜ ತಟ್ಟುತ್ತೇನೆ, ನಿಂತಾಗ ಇನ್ನೊಂದು ಸಲ ತಟ್ಟುತ್ತೇನೆ. ಮೊದಲ ಸಲ ಆ ಟಕ್ ಟಕ್ ಕಿವಿಗೆ ಬಿದ್ದಾಗ ಕಣ್ಣು ದೊಡ್ಡದಾಗುವುದನ್ನು ನೋಡಬೇಕು.

ಇನ್ನು ವಾರ್ಡಿನ ಇನ್‌ಚಾರ್ಜ್ ಸಿಸ್ಟರ್. ಇವರ ಜೊತೆ ಒಪ್ಪಂದ ಆಗದಿದ್ದರೆ ಮೇಲಿನದ್ಯಾವುದೂ ನಡೆಯುವುದಿಲ್ಲ. ಅವರ ಕಣ್ಣಿಗೆ ಸ್ಟೂಡೆಂಟ್ಸ್ ಅಂದರೆ ಕೆಲಸ ಹಗುರ ಮಾಡುವ ಕೈಗಳು, ಇಲ್ಲವೇ ದಾರಿಗೆ ಅಡ್ಡ ನಿಲ್ಲುವವರು. ಪೋಸ್ಟಿಂಗ್ ಶುರುವಾಗುವ ಮುಂಚೆ ಒಬ್ಬಳೇ ಹೋಗಿ ಕೂತು ಮಾತಾಡುತ್ತೇನೆ. ಬೆಳಗ್ಗೆ ಬೆಡ್ ಮೇಕಿಂಗ್ ಎಲ್ಲ ನಮ್ಮದು. ಎದ್ದೇಳಲಾಗದವರ ಸ್ಪಾಂಜ್ ಬಾತ್, ಬ್ಯಾಕ್ ಕೇರ್, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ನಮ್ಮದು. ಅದಕ್ಕೆ ಬದಲಾಗಿ, ವೈಟಲ್ಸ್ ಬೇಗ ಮುಗಿಸಿ ಅಂತ ಮಕ್ಕಳನ್ನು ಅವಸರಪಡಿಸಬಾರದು. ಮಕ್ಕಳು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ನಾನು ನೋಡಿ, ಅನುಮಾನ ಬಂದ ಕಡೆ ಮತ್ತೆ ಎಣಿಸಿ, ಆಮೇಲೆ ಚಾರ್ಟಿಗೆ. ಕೆಲವರು ಖುಷಿಯಿಂದ ಒಪ್ಪುತ್ತಾರೆ. ‘ಅಷ್ಟು ಹೊತ್ತಿಗೆ ರೌಂಡ್ಸ್ ಮುಗಿದಿರುತ್ತೆ ಮೇಡಂ’ ಅನ್ನುವವರೂ ಇದ್ದಾರೆ. ಆ ವಾರ್ಡಿಗೆ ಅರ್ಧ ಗಂಟೆ ಮೊದಲೇ ಹೋಗುತ್ತೇವೆ, ಬೇರೆ ದಾರಿಯಿಲ್ಲ. ಹತ್ತು ಮಕ್ಕಳಿಗೆ ಒಬ್ಬ ಟೀಚರ್ ಅನ್ನುವುದು ನಿಯಮ. ಅದಕ್ಕಿಂತ ಜಾಸ್ತಿ ಮಕ್ಕಳು ಗಂಟು ಬಿದ್ದರೆ ಮರು ಎಣಿಕೆ ಆಗದ ಮಾತು. ಆಗ ಮಕ್ಕಳನ್ನು ಎರಡು ಪಾಳಿ ಮಾಡಿ, ಒಂದು ಪಾಳಿಗೆ ಬೆಡ್ ಕೆಲಸ, ಇನ್ನೊಂದಕ್ಕೆ ವೈಟಲ್ಸ್ ಹಂಚುತ್ತೇನೆ.

ಮಧ್ಯಾಹ್ನ ಹೊರಡುವ ಮುಂಚೆ ಕಾರಿಡಾರಿನ ಕೊನೆಯಲ್ಲಿ ಹದಿನೈದು ನಿಮಿಷ ಸೇರುತ್ತೇವೆ. ಪ್ರತಿಯೊಬ್ಬರೂ ಒಂದೇ ಒಂದು ಸಂಖ್ಯೆ ಹೇಳಬೇಕು, ಅದು ಹೇಗೆ ಸಿಕ್ಕಿತು ಅಂತಲೂ ಹೇಳಬೇಕು. ಎಷ್ಟು ಹೊತ್ತು ಎಣಿಸಿದೆ, ರೋಗಿ ಮಲಗಿದ್ದರಾ ಕೂತಿದ್ದರಾ, ಆಗ ತಾನೇ ಬಾತ್‌ರೂಮಿಗೆ ಹೋಗಿ ಬಂದಿದ್ದರಾ, ಬಿಸಿ ಕಾಫಿ ಕುಡಿದಿದ್ದರಾ. ‘ಎಣಿಸಲು ಆಗಲಿಲ್ಲ, ತುಂಬಾ ಕೆಮ್ಮುತ್ತಿದ್ದರು’ ಅಂದರೂ ಅದು ಉತ್ತರವೇ. ಲಾಗ್ ಬುಕ್ಕಿನಲ್ಲಿ ಹಾಗೇ ಬರೆಸಿ ಸಹಿ ಹಾಕುತ್ತೇನೆ. ಪರೀಕ್ಷೆಗೆ ಬಂದ ಎಕ್ಸ್‌ಟರ್ನಲ್ ಎಕ್ಸಾಮಿನರ್ ಒಬ್ಬರು ಇದೇನಿದು ಖಾಲಿ ಬಿಟ್ಟಿದ್ದೀರಾ ಅಂತ ಹುಬ್ಬು ಗಂಟಿಕ್ಕಿದ್ದೂ ಉಂಟು.

ಎರಡನೇ ಸೆಮಿಸ್ಟರಿನಲ್ಲಿ ಕ್ಲಿನಿಕಲ್ ಗಂಟೆ ದುಪ್ಪಟ್ಟು, 320. ಬ್ಯಾಚ್ ಬೇರೆ ಟೀಚರ್ ಕೈಗೆ ಹೋಗುತ್ತದೆ. ಹೋಗುವಾಗ ಅವರಿಗೆ ಒಂದು ಹಾಳೆ ಬರೆದು ಕೊಡುತ್ತೇನೆ. ಯಾರು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುತ್ತಾರೆ, ಯಾರಿಗೆ ಕಡಿಮೆ ಶಬ್ದ ಕೇಳಿಸುವುದಿಲ್ಲ ಅಂತ ಇಎನ್‌ಟಿಗೆ ಕಳಿಸಿದ್ದೇನೆ, ಯಾರಿಗೆ ಗಂಡಸರ ವಾರ್ಡಿನಲ್ಲಿ ಇನ್ನೂ ಮುಜುಗರ, ಯಾರ ಕನ್ನಡ ಸುಧಾರಿಸಿದೆ. ಸಂಖ್ಯೆ ಹೊಂದದಿದ್ದಾಗ ತಾವೇ ಬಂದು ಹೇಳುವ ಮಕ್ಕಳ ಹೆಸರಿನ ಮುಂದೆ ಒಂದು ಸಣ್ಣ ಟಿಕ್ ಇರುತ್ತದೆ.