ಡಬ್ಬಿ ಒಯ್ದು ಮೀಟರ್ ಆರಿಸಿದ್ದು

ವೋಲ್ಟೇಜ್, ಕರೆಂಟ್ ಅಳೆಯುವ ಮಲ್ಟಿಮೀಟರ್ ಮೂರು ಮೂಲೆ ಸೇರಿದ ಮೇಲೆ ನಾಲ್ಕನೆಯದು ನಿಂತಿದೆ. ಎರಡು ವರ್ಷವಾಯಿತು. 'ಐದು ಸಾವಿರ ಹಾಕದೆ ಒಳ್ಳೇದು ಸಿಗಲ್ಲ ಬಿಡು' ಎಂದು ಚಿಕ್ಕಬಳ್ಳಾಪುರದ ಗೆಳೆಯರು ಹೇಳಿದ್ದರು. ನನ್ನದು ಸುಮಾರು 1,400 ರೂಪಾಯಿಯದು.

ಮೊದಲನೆಯದು 180 ರೂಪಾಯಿಯ ಹಳದಿ ಮೀಟರ್. ಒಳಗಿನ 9 ವೋಲ್ಟ್ ಬ್ಯಾಟರಿ ಇಳಿದರೆ ಅದು ಜಾಸ್ತಿ ತೋರಿಸುತ್ತದೆ. ಅದನ್ನೇ ನಂಬಿ ಎಲ್‌ಎಂ317 (ವೋಲ್ಟೇಜ್ ಹೊಂದಿಸಿ ಕೊಡುವ ಚಿಪ್) ಹಾಕಿದ ಚಾರ್ಜರನ್ನು 13.8 ವೋಲ್ಟಿಗೆ ಕೂರಿಸಿದೆ. ನಿಜವಾಗಿ ಬರುತ್ತಿದ್ದದ್ದು 13ರ ಆಸುಪಾಸು. ಶಿಡ್ಲಘಟ್ಟದಲ್ಲಿ ಮಾವನ ರೇಷ್ಮೆ ಹುಳು ಮನೆಯ ದೀಪಕ್ಕೆ ಹಾಕಿದ್ದ ಬ್ಯಾಟರಿ ಒಂದು ದಿನವೂ ಪೂರ್ತಿ ತುಂಬಲಿಲ್ಲ. ಐದಾರು ತಿಂಗಳಿಗೆ ಸತ್ತುಹೋಯಿತು. ಸಾವಿರದ ಹತ್ತಿರ ನಷ್ಟ. ಮಾವ ಏನೂ ಅನ್ನಲಿಲ್ಲ, ನನಗೇ ತಡೆಯಲಾಗಲಿಲ್ಲ.

ಎರಡನೆಯದರಲ್ಲಿ ಕರೆಂಟ್ ಅಳೆಯುವ 10 ಆಂಪ್ ತೂತಿಗೆ ಫ್ಯೂಸೇ ಇರಲಿಲ್ಲ. ಪ್ರೋಬ್ (ಅಳೆಯುವ ಕಡ್ಡಿ) ಅಲ್ಲೇ ಇದ್ದಾಗ ಬ್ಯಾಟರಿಗೆ ಮುಟ್ಟಿಸಿದೆ, ಶಾರ್ಟ್ ಆಗಿ ತುದಿ ಕರಗಿತು. ಮೂರನೆಯದರ ಸ್ವಿಚ್ ಸವೆಯಿತು.

ಆಮೇಲೆ ಮೀಟರ್ ಪರೀಕ್ಷಿಸಲು ಸಣ್ಣ ಡಬ್ಬಿ ಮಾಡಿದೆ. ಒಂದು ಟಿಎಲ್431 (ಸುಮಾರು 2.5 ವೋಲ್ಟನ್ನು ಸ್ಥಿರವಾಗಿ ಕೊಡುವ ಚಿಪ್), ಅದಕ್ಕೆ 1ಕೆ ರೆಸಿಸ್ಟರ್, ಒಂದು 9 ವೋಲ್ಟ್ ಬ್ಯಾಟರಿ. ಪಕ್ಕದಲ್ಲಿ ಅದೇ ಬ್ಯಾಟರಿಗೆ ಎರಡು 1 ಮೆಗಾಓಮ್ ರೆಸಿಸ್ಟರ್ ಸಾಲಾಗಿ. ಎಲ್ಲ ಸೇರಿ 150 ರೂಪಾಯಿ ದಾಟಲಿಲ್ಲ. ಪರಿಚಯದ ಕಾಲೇಜಿನ ಲ್ಯಾಬ್ ಮೀಟರಿನಲ್ಲಿ ಟಿಎಲ್431 2.493 ವೋಲ್ಟ್ ಬಂತು. ಮುಚ್ಚಳದ ಮೇಲೆ ಬರೆದಿಟ್ಟೆ.

ಡಬ್ಬಿ ಹಿಡಿದು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಕೌಂಟರ್ ಮೇಲೆ ಏಳು ಮೀಟರ್ ನೋಡಿದೆ. ಎರಡು 2.493ರಿಂದ ತುಂಬಾ ದೂರ. ಮೆಗಾಓಮ್ ಜೋಡಿಯ ನಡುವೆ ಸರಿಯಾಗಿ 4.5 ಇರಬೇಕು. ಆದರೆ ಮೀಟರ್ ತಾನೂ ಒಂದಿಷ್ಟು ಕರೆಂಟ್ ಎಳೆಯುತ್ತದೆ, ಅದರ ಒಳಗಿನ ರೆಸಿಸ್ಟೆನ್ಸ್ ಕಡಿಮೆಯಾದಷ್ಟೂ ಓದು ಇಳಿಯುತ್ತದೆ. ಒಳಗೆ 10 ಮೆಗಾಓಮ್ ಇರುವ ಮೀಟರ್ 4.3ರಷ್ಟು ತೋರಿಸುತ್ತದೆ. ಒಂದು ಬರೀ 3 ಅಂದಿತು, ಅಂದರೆ ಅದರದು 1 ಮೆಗಾಓಮ್ ಅಷ್ಟೇ. ಒಂದಂಗಡಿಯವರು ಹಿಂದಿನ ಮುಚ್ಚಳ ತೆಗೆಯಲು ಬಿಡಲಿಲ್ಲ, ಎದ್ದು ಬಂದೆ. ಕರೆಂಟ್ ಅಳೆಯುವ ಎರಡೂ ತೂತಿಗೆ ಸೆರಾಮಿಕ್ ಫ್ಯೂಸ್ ಇದ್ದದ್ದನ್ನೇ ಕೊಂಡೆ. ಗೆಳೆಯನ ಏಳು ಸಾವಿರದ ಮೀಟರ್ ಪಕ್ಕ ಇಟ್ಟರೆ ಕೊನೆಯ ಅಂಕಿಯಲ್ಲಷ್ಟೇ ವ್ಯತ್ಯಾಸ.

ಇದರ ಕೆ-ಟೈಪ್ ತಂತಿಯನ್ನು (ಉಷ್ಣತೆ ಅಳೆಯುವುದು) ಹುಳು ಮನೆಯಲ್ಲೂ ಇಟ್ಟು ನೋಡಿದೆ. ಗೋಡೆಯ ಥರ್ಮಾಮೀಟರಿಗಿಂತ ಎರಡು ಡಿಗ್ರಿ ಜಾಸ್ತಿ. ಹೊರಗಿನಿಂದ ತಂದ ಮೀಟರನ್ನು ಅರ್ಧ ಗಂಟೆ ಒಳಗೇ ಬಿಟ್ಟರೆ ಸರಿಹೋಗುತ್ತದೆ.

ಸ್ವಿಚ್ ಸವೆಯುವುದನ್ನು ಕೊಳ್ಳುವಾಗಲೇ ಕಂಡುಹಿಡಿಯುವ ಉಪಾಯವೊಂದಿದೆ, ಅದು ಸದ್ಯ ನನ್ನ ಹತ್ತಿರವೇ ಇರಲಿ. ಬೋರ್‌ವೆಲ್ ಸ್ಟಾರ್ಟರಿನ 415 ವೋಲ್ಟಿಗೆ ಮಾತ್ರ ಈ ಮೀಟರ್ ಮುಟ್ಟಿಸುವುದಿಲ್ಲ. ಅದಕ್ಕೆ ಕ್ಯಾಟ್-3 (ಅಂಥ ಲೈನಿಗೆ ಬೇಕಾದ ಸುರಕ್ಷತಾ ದರ್ಜೆ) ಇರುವ ಬೇರೆಯದನ್ನು ಮಾವನ ಮನೆಯಲ್ಲೇ ಇಟ್ಟಿದ್ದೇನೆ.