ಬಯಲಿನಲ್ಲಿ ನಿಲ್ಲುವ ಜಾಗ

ರಾಕ್ ಮತ್ತು ಹಿಪ್‌ಹಾಪ್ ಎರಡೂ ಇದ್ದ ಮೂರು ದಿನದ ಬಯಲು ಸಂಗೀತ ಉತ್ಸವದ ಮೊದಲ ದಿನ ಸಂಜೆ ನಾನು ನಿಂತ ಜಾಗವೇ ತಪ್ಪಾಗಿತ್ತು. ವರ್ಷಗಟ್ಟಲೆ ಹೆಡ್‌ಫೋನಿನಲ್ಲಿ ಕೇಳಿ ಬಾಯಿಪಾಠವಾಗಿದ್ದ ಹಾಡುಗಳ ರ‍್ಯಾಪ್ ಕಲಾವಿದರೊಬ್ಬರನ್ನು ಹತ್ತಿರದಿಂದ ನೋಡಬೇಕೆಂಬ ಆಸೆಯಿಂದ ನಾಲ್ಕು ಗಂಟೆ ಮೊದಲೇ ಹೋಗಿ, ವೇದಿಕೆಯ ಎಡತುದಿಯಲ್ಲಿ ಬ್ಯಾರಿಕೇಡ್ ಹಿಡಿದು ನಿಂತಿದ್ದೆ. ಅವರು ಬಂದರು, ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತು ಹಾಡಿದರು, ಅವರ ಹಣೆಯ ಬೆವರು ಕೂಡ ನನಗೆ ಕಂಡಿತು. ಆದರೆ ಒಂದು ಮಾತೂ ಕಿವಿಗೆ ಬೀಳಲಿಲ್ಲ. ನೆಲದ ಮೇಲೆ ಸಾಲಾಗಿ ಜೋಡಿಸಿದ್ದ, ಬೇಸ್ ಎಂಬ ಕೆಳದನಿಗೆಂದೇ ಇರುವ ಸ್ಪೀಕರ್‌ಗಳಾದ ಸಬ್‌ವೂಫರ್‌ಗಳ ಬೇಸ್ ಎದೆಗೂಡನ್ನು ನಡುಗಿಸುತ್ತಿತ್ತು. ಪದಗಳನ್ನು ಹೊತ್ತು ತರಬೇಕಾದ ದೊಡ್ಡ ಸ್ಪೀಕರ್‌ಗಳು ನನ್ನ ತಲೆಯಿಂದ ಎಷ್ಟೋ ಎತ್ತರದಲ್ಲಿ ತೂಗುತ್ತ, ನನ್ನನ್ನು ದಾಟಿ ಹಿಂದಿನ ಬಯಲಿನ ಕಡೆಗೆ ಮುಖ ಮಾಡಿದ್ದವು. ಮುಂದಿನ ಸಾಲಿನವರಿಗೆಂದು ಇಟ್ಟಿದ್ದ ಚಿಕ್ಕ ಸ್ಪೀಕರ್‌ಗಳ ದನಿ ಬೇಸ್‌ನ ಅಬ್ಬರದಲ್ಲಿ ಮುಳುಗಿಹೋಗಿತ್ತು.

ಆ ರಾತ್ರಿ, ನನಗಿಂತ ಬಹಳ ಹಿಂದೆ ನಿಂತಿದ್ದ ಗೆಳತಿ ಎರಡನೆಯ ಹಾಡಿಗೆ ಅವರು ಹೊಸದಾಗಿ ಸೇರಿಸಿದ್ದ ಸಾಲುಗಳ ಬಗ್ಗೆಯೇ ಮಾತಾಡುತ್ತಿದ್ದಳು. “ಅಷ್ಟು ಮುಂದೆ ನಿಂತಿದ್ದೆಯಲ್ಲ, ನಿನಗೆ ಕೇಳಲೇ ಇಲ್ಲವಾ?” ಎಂದು ಅವಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಉಳಿದ ಎರಡು ದಿನವೂ, ಅಲ್ಲಿಂದೀಚೆಗೆ ಹೋದ ಪ್ರತಿಯೊಂದು ಬಯಲು ಉತ್ಸವದಲ್ಲೂ, ಯಾರನ್ನು ನೋಡಬೇಕು ಎನ್ನುವುದಕ್ಕಿಂತ ಮೊದಲು ಎಲ್ಲಿ ನಿಲ್ಲಬೇಕು ಎಂದು ಯೋಚಿಸುವುದು ನನಗೆ ರೂಢಿಯಾಯಿತು.

ಮರುದಿನ ಮಧ್ಯಾಹ್ನ, ಜನ ಸೇರುವ ಮೊದಲೇ, ಬಯಲನ್ನು ಒಮ್ಮೆ ಸುತ್ತಿ ಬಂದೆ. ವೇದಿಕೆಗೆ ಎದುರಾಗಿ, ಬಯಲಿನ ನಡುಮಧ್ಯೆ, ಕಬ್ಬಿಣದ ಚೌಕಟ್ಟಿನ ಒಂದು ಸಣ್ಣ ಮಂಟಪ ಇರುತ್ತದೆ. ಅದರಲ್ಲಿ ಸೌಂಡ್ ಎಂಜಿನಿಯರ್ ದನಿಗಳನ್ನು ಬೆರೆಸುವ ಮಿಕ್ಸರಿನ ಮುಂದೆ ಕೂತಿರುತ್ತಾರೆ, ಪಕ್ಕದಲ್ಲಿ ಬೆಳಕಿನವರು ಇರುತ್ತಾರೆ. ವೇದಿಕೆಯ ಮೇಲಿನ ಪ್ರತಿಯೊಂದು ಮೈಕಿನ ದನಿಯನ್ನೂ ಅವರು ಅಲ್ಲಿ ಕೂತು, ತಮ್ಮ ಕಿವಿಗೆ ಕೇಳುವಂತೆಯೇ ಹದ ಮಾಡುತ್ತಾರಾದ್ದರಿಂದ, ಹಾಡು ಹೇಗೆ ಕೇಳಬೇಕೆಂದು ಕಲಾವಿದರ ತಂಡ ಬಯಸಿದೆಯೋ ಹಾಗೆ ಅದು ಕೇಳುವುದು ಆ ಮಂಟಪದ ಆಸುಪಾಸಿನಲ್ಲಿಯೇ. ನಾನು ಅದರ ಮುಂದಿನ ಬೇಲಿಗೆ ಬೆನ್ನು ಕೊಟ್ಟು ನಿಂತೆ. ಅಷ್ಟೇನೂ ಹೆಸರಿಲ್ಲದ ಒಬ್ಬ ಯುವತಿ ಒಬ್ಬ ಡಿಜೆಯನ್ನು ಜೊತೆಗಿಟ್ಟುಕೊಂಡು ರ‍್ಯಾಪ್ ಮಾಡುತ್ತಿದ್ದಳು. ಅವಳ ಪ್ರಾಸಗಳು, ಪ್ರಾಸಗಳ ನಡುವೆ ಅವಳು ಉಸಿರು ಎಳೆದುಕೊಳ್ಳುತ್ತಿದ್ದ ಸದ್ದು, ಸಾಲಿನ ಕೊನೆಯ ವ್ಯಂಜನ ಎಲ್ಲವೂ ನನಗೆ ಬಿಡಿಬಿಡಿಯಾಗಿ ಕೇಳಿದವು. ಹಿಂದಿನ ಸಂಜೆ ಕಳೆದುಕೊಂಡದ್ದು ಏನೆಂದು ಆಗ ನನಗೆ ಅರಿವಾಯಿತು.

ಇನ್ನೂ ಹಿಂದೆ ನಿಲ್ಲುವುದಾದರೆ ಸ್ಪೀಕರ್ ಗೋಪುರಗಳ ಲೆಕ್ಕ ತಿಳಿದಿರಬೇಕು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ, ವೇದಿಕೆಯಿಂದ 100 ಮೀಟರ್ ಆಚೆ ನಿಂತವರಿಗೆ ಅದು ಸುಮಾರು 0.3 ಸೆಕೆಂಡ್ ತಡವಾಗಿ ತಲಪುತ್ತದೆ. ಬಯಲಿನ ನಡುವೆ ನೆಟ್ಟ ಗೋಪುರಗಳ ಸ್ಪೀಕರ್‌ಗಳಿಗೆ ಹೋಗುವ ದನಿಯನ್ನೂ ಎಂಜಿನಿಯರ್‌ಗಳು ಅಷ್ಟೇ ಹೊತ್ತು ತಡೆದು ಬಿಡುತ್ತಾರೆ. ಹಾಗೆ ಮಾಡಿದಾಗ ಮಾತ್ರ ಎರಡೂ ದನಿಗಳು ಒಟ್ಟಿಗೆ ಬಂದು ಕಿವಿಯಲ್ಲಿ ಕೂಡಿಕೊಳ್ಳುತ್ತವೆ. ಆದರೆ ಗೋಪುರಕ್ಕೂ ವೇದಿಕೆಗೂ ನಡುವೆ, ಗೋಪುರಕ್ಕೆ ತೀರ ಹತ್ತಿರ ನಿಂತರೆ, ವೇದಿಕೆಯ ದನಿ ಮೊದಲು ಬಂದು, ಗೋಪುರದ ಬೆನ್ನಿನಿಂದ ಸೋರಿದ ದನಿ ಅದರ ಹಿಂದೆಯೇ ಬಂದು, ಪ್ರತಿಯೊಂದು ಪದಕ್ಕೂ ಒಂದು ನೆರಳು ಅಂಟಿಕೊಳ್ಳುತ್ತದೆ. ನಿಧಾನದ ಹಾಡಿಗೆ ಇದರಿಂದ ಹೆಚ್ಚೇನೂ ನಷ್ಟವಿಲ್ಲ, ವೇಗದ ರ‍್ಯಾಪ್‌ಗೆ ಮಾತ್ರ ಇದು ಮಾರಕ. ಗೋಪುರವನ್ನು ದಾಟಿ ಹತ್ತು ಹದಿನೈದು ಮೀಟರ್ ಆಚೆಗೆ ಹೋದರೆ ಮಾತು ಮತ್ತೆ ತಿಳಿಯಾಗುತ್ತದೆ. ದನಿ ಸರಿಯಿಲ್ಲವೆಂದು ಜನ ಗೊಣಗುವುದನ್ನು ಕೇಳಿದಾಗಲೆಲ್ಲ, ಇಪ್ಪತ್ತು ಹೆಜ್ಜೆ ಸರಿದು ನೋಡಿ ಎಂದು ಹೇಳಬೇಕೆನ್ನಿಸುತ್ತದೆ.

ಬೇಸ್‌ನ ವಿಷಯ ಬೇರೆ. ರ‍್ಯಾಪ್ ಹಾಡುಗಳ ಸಂಗೀತವೇ ಹಿಪ್‌ಹಾಪ್. ಹಿಪ್‌ಹಾಪ್‌ನ ಕೆಳದನಿಗೆ ಮೂಲವಾದದ್ದು ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ಹೊರತಂದ ಟಿಆರ್-808 ಎಂಬ ಡ್ರಮ್ ಯಂತ್ರ. ಕಾಲಿನಿಂದ ಬಡಿಯುವ ದೊಡ್ಡ ಡ್ರಮ್ಮಿನ, ಅಂದರೆ ಕಿಕ್ ಡ್ರಮ್ಮಿನ, ಒಂದು ಪೆಟ್ಟನ್ನು ಅದು ಉದ್ದಕ್ಕೆ ಎಳೆದು ಗುಂಯ್‌ಗುಡಿಸುತ್ತದೆ. ಆ ದನಿ 50 ಹರ್ಟ್ಸ್ ಆಸುಪಾಸಿನದು, ಅದರ ಒಂದು ಅಲೆಯ ಉದ್ದ ಸುಮಾರು 7 ಮೀಟರ್. ಸಬ್‌ವೂಫರ್‌ಗಳನ್ನು ವೇದಿಕೆಯ ಎಡಕ್ಕೂ ಬಲಕ್ಕೂ ಎರಡು ಗುಂಪಾಗಿ ಇಟ್ಟಿದ್ದರೆ, ಬಯಲಿನ ನಟ್ಟನಡುವಿನ ಗೆರೆಯಲ್ಲಿ ಎರಡೂ ಕಡೆಯ ಅಲೆಗಳು ಕೂಡಿ ಬಲಗೊಳ್ಳುತ್ತವೆ. ಪಕ್ಕಕ್ಕೆ ಸರಿದಂತೆ ಒಂದರ ದಾರಿ ಇನ್ನೊಂದಕ್ಕಿಂತ ಅರ್ಧ ಅಲೆಯಷ್ಟು ಉದ್ದವಾಗುವ ಕಡೆ ಅವು ಒಂದನ್ನೊಂದು ಅಳಿಸಿಹಾಕುತ್ತವೆ. ಇದನ್ನು ಓದಿ ತಿಳಿದಿದ್ದೆನಾದರೂ ನಂಬಿಕೆ ಬಂದದ್ದು ನಡೆದು ನೋಡಿದ ಮೇಲೆ. ಎರಡನೆಯ ದಿನ ಒಂದೇ ಹಾಡು ನಡೆಯುತ್ತಿರುವಾಗ ಬಯಲನ್ನು ಅಡ್ಡಡ್ಡಲಾಗಿ ದಾಟಿದೆ: ನಡುವೆ ಪ್ಯಾಂಟಿನ ಬಟ್ಟೆ ಕಾಲಿಗೆ ಬಡಿದುಕೊಳ್ಳುವಷ್ಟು ಬೇಸ್, ಸ್ವಲ್ಪ ಆಚೆಗೆ ಹೋದರೆ ಬರಿದಾದ ಮಾತು ಮಾತ್ರ, ಇನ್ನೂ ಸ್ವಲ್ಪ ಆಚೆ ಮತ್ತೆ ಬೇಸ್. ಸಬ್‌ವೂಫರ್‌ಗಳನ್ನು ವೇದಿಕೆಯ ಉದ್ದಕ್ಕೂ ಒಂದೇ ಸಾಲಿನಲ್ಲಿ ಜೋಡಿಸುವ ಕಡೆ ಈ ಏರಿಳಿತ ಕಡಿಮೆ. ಹೀಗಾಗಿ ಹಿಪ್‌ಹಾಪ್‌ಗೆ ನನ್ನ ಜಾಗ ಮಿಕ್ಸರ್ ಮಂಟಪದ ಮುಂದೆ, ನಡುಗೆರೆಯಿಂದ ಕೆಲವು ಹೆಜ್ಜೆ ಪಕ್ಕಕ್ಕೆ. ಅಲ್ಲಿ ಬೇಸ್ ಮಾತನ್ನು ನುಂಗುವುದಿಲ್ಲ.

ರಾಕ್ ತಂಡಗಳಿಗೆ ನಾನು ಮುಂದೆ ಹೋಗುತ್ತೇನೆ. ಅಲ್ಲಿ ಡ್ರಮ್ಮಿನ ಪೆಟ್ಟು ಬೀಳುವುದನ್ನೂ ಗಿಟಾರ್ ನುಡಿಸುವವರು ಒಬ್ಬರನ್ನೊಬ್ಬರು ನೋಡಿ ಲಯ ಬದಲಿಸುವುದನ್ನೂ ಕಣ್ಣಿನಿಂದಲೇ ಕೇಳಬಹುದು. ಎರಡು ತಂಡಗಳ ನಡುವಿನ ಬಿಡುವು ಕೂಡ ನನಗೆ ಇಷ್ಟ. ಡ್ರಮ್ ತಂತ್ರಜ್ಞರೊಬ್ಬರು ಕಪ್ಪು ಅಂಗಿ ತೊಟ್ಟು, ಬೆಲ್ಟಿಗೆ ಟೇಪಿನ ಸುರುಳಿ ಸಿಕ್ಕಿಸಿಕೊಂಡು, ಸ್ನೇರ್ ಡ್ರಮ್ಮಿನ ಚರ್ಮದ ಅಂಚಿಗೆ ಬೆರಳಗಲದ ಟೇಪಿನ ತುಂಡನ್ನು ಅಂಟಿಸಿ, ಒಮ್ಮೆ ಬಡಿದು, ಕಿವಿಗೊಟ್ಟು, ತುಂಡನ್ನು ಕಿತ್ತು ಅರ್ಧಕ್ಕೆ ಹರಿದು ಮತ್ತೆ ಅಂಟಿಸಿದ್ದನ್ನು ನಾನು ನೋಡಿದ್ದೇನೆ; ಸಾವಿರಾರು ಜನ ಎದುರಿಗಿದ್ದರೂ ಅವರ ಗಮನವೆಲ್ಲ ಆ ಅರ್ಧ ಬೆರಳಿನ ಟೇಪಿನ ಮೇಲಿತ್ತು. ರಾಕ್ ತಂಡದ ವಾದ್ಯಗಳನ್ನು ಇಳಿಸಿ, ಏರಿಸಿ, ಒಂದೊಂದೇ ಮೈಕನ್ನು ಪರೀಕ್ಷಿಸಲು ಅರ್ಧ ಗಂಟೆಯಾದರೂ ಬೇಕು. ಡಿಜೆ ಮೇಜೊಂದೇ ಇರುವ ಹಿಪ್‌ಹಾಪ್ ಪ್ರದರ್ಶನಕ್ಕೆ ಅಷ್ಟು ಹೊತ್ತು ಬೇಡ. ಎರಡು ವೇದಿಕೆಗಳ ನಡುವೆ ಓಡಾಡುವವರು ವೇಳಾಪಟ್ಟಿ ಓದುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಒಳ್ಳೆಯದು: ರಾಕ್ ವೇದಿಕೆಯ ಬಿಡುವಿನಲ್ಲಿ ಹಿಪ್‌ಹಾಪ್ ವೇದಿಕೆಯ ಅರ್ಧ ಪ್ರದರ್ಶನವನ್ನೇ ಕೇಳಿ ಬರಬಹುದು.

ಈ ಎರಡು ಸಂಗೀತಗಳನ್ನು ಒಂದೇ ಬಯಲಿಗೆ ತಂದದ್ದು ಸರಿಯೇ ಎಂದು ಈಗಲೂ ಕೆಲವರು ಕೇಳುತ್ತಾರೆ. 2008ರಲ್ಲಿ ಅಮೆರಿಕದ ರ‍್ಯಾಪ್ ಕಲಾವಿದ ಜೇ-ಝೀ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದ ಮುಖ್ಯ ವೇದಿಕೆಗೆ ಪ್ರಧಾನ ಕಲಾವಿದರಾಗಿ ಬಂದಾಗ ಅದು ದೊಡ್ಡ ಚರ್ಚೆಯೇ ಆಗಿತ್ತು. ನನಗೆ ಆ ಆಕ್ಷೇಪ ಒಪ್ಪಿಗೆಯಾಗುವುದಿಲ್ಲ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನ ಒಂದು ವಸತಿ ಕಟ್ಟಡದಲ್ಲಿ ಡಿಜೆ ಕೂಲ್ ಹರ್ಕ್ ನಡೆಸಿದ ಕೂಟದಿಂದ ಹಿಪ್‌ಹಾಪ್‌ನ ಹುಟ್ಟನ್ನು ಲೆಕ್ಕ ಹಾಕುತ್ತಾರೆ. ಅಲ್ಲಿಂದ ಅದು ಬೇಗನೆ ಉದ್ಯಾನಗಳಿಗೂ ಬೀದಿಗಳಿಗೂ ಹೊರಟಿತು, ಆದ್ದರಿಂದ ಬಯಲು ಅದಕ್ಕೆ ಪರರ ಮನೆಯಲ್ಲ. 1991ರಲ್ಲಿ ಲೊಲ್ಲಾಪಲೂಝಾ ಉತ್ಸವ ಅಮೆರಿಕದ ಊರೂರು ಸುತ್ತಿದ ಮೊದಲ ವರ್ಷವೇ ರ‍್ಯಾಪ್ ಕಲಾವಿದ ಐಸ್-ಟಿ ತಮ್ಮ ಪ್ರದರ್ಶನದಲ್ಲಿ ರ‍್ಯಾಪ್ ಹಾಡುಗಳ ಜೊತೆಗೆ ಬಾಡಿ ಕೌಂಟ್ ಎಂಬ ತಮ್ಮ ಹೆವಿ ಮೆಟಲ್ ತಂಡವನ್ನೂ ವೇದಿಕೆಗೆ ತಂದಿದ್ದರು. ಒಬ್ಬನೇ ಕಲಾವಿದ ಎರಡನ್ನೂ ತನ್ನದೆಂದುಕೊಂಡಿರುವಾಗ ಕೇಳುಗರು ಬೇಲಿ ಹಾಕುವುದು ಯಾಕೆ?

ಇನ್ನು ಕಿವಿಯ ವಿಷಯ, ಇದನ್ನು ನಾನು ತುಂಬ ಕಾಳಜಿಯಿಂದ ಹೇಳುತ್ತಿದ್ದೇನೆ. ಕೆಲಸದ ಜಾಗದ ಸದ್ದಿಗೆ ಅಮೆರಿಕದಲ್ಲಿ ಶಿಫಾರಸು ಮಾಡಿರುವ ಲೆಕ್ಕದಂತೆ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದು, ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್ ಆದಾಗ ಉಳಿಯುವುದು 15 ನಿಮಿಷ ಮಾತ್ರ. ಸಂಗೀತದ ತಾಣಗಳಿಗೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ಮಾನದಂಡವೂ 15 ನಿಮಿಷದ ಸರಾಸರಿ ಸದ್ದು 100 ಡೆಸಿಬೆಲ್ ಮೀರಬಾರದೆನ್ನುತ್ತದೆ. ಒಂದು ದಿನಕ್ಕೆ ಆರೇಳು ಗಂಟೆ ಬಯಲಿನಲ್ಲಿ ನಿಲ್ಲುವವರು ಈ ಲೆಕ್ಕವನ್ನು ಎಷ್ಟು ಸಲ ದಾಟುತ್ತಾರೆಂದು ಯಾರಾದರೂ ಊಹಿಸಬಹುದು. ಮೊದಲ ದಿನದ ರಾತ್ರಿ ದಿಂಬಿಗೆ ತಲೆ ಇಟ್ಟಾಗ ನನ್ನ ಕಿವಿಯಲ್ಲಿ ಸಣ್ಣಗೆ, ನಿಲ್ಲದೆ, ಜೀರುಂಡೆಯ ಸದ್ದು ಕೇಳುತ್ತಿತ್ತು.

ಎರಡನೆಯ ದಿನ ಫೋಮ್ ಇಯರ್‌ಪ್ಲಗ್ ಹಾಕಿಕೊಂಡೆ. ಅದನ್ನು ಬೆರಳುಗಳ ನಡುವೆ ಬತ್ತಿಯಂತೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗಿಟ್ಟು, ಅದು ಉಬ್ಬಿ ಕೂರುವ ತನಕ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ಸುಮ್ಮನೆ ತುರುಕಿಕೊಂಡರೆ ಪ್ರಯೋಜನವಿಲ್ಲ. ರಾಕ್ ತಂಡಗಳಿಗೆ ಅದು ಸಾಕಾಯಿತು. ಆದರೆ ಫೋಮ್ ಮೇಲುದನಿಗಳನ್ನು ಹೆಚ್ಚು ತಡೆಯುತ್ತದೆ, ಮಾತಿನ ಸ, ಟ, ಕ ಮೊದಲಾದ ವ್ಯಂಜನಗಳು ಬದುಕಿರುವುದೇ ಆ ಮೇಲುದನಿಗಳಲ್ಲಿ. ಹಾಗಾಗಿ ರ‍್ಯಾಪ್ ಮತ್ತೆ ಮಬ್ಬಾಯಿತು. ಎಲ್ಲ ದನಿಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುವ, ಸಂಗೀತಗಾರರು ಬಳಸುವ ಫಿಲ್ಟರ್ ಇರುವ ಇಯರ್‌ಪ್ಲಗ್‌ಗಳನ್ನು ಆಮೇಲೆ ಕೊಂಡೆ. ಅವನ್ನು ಹಾಕಿಕೊಂಡು ಕೇಳಿದರೆ ಮಾತು ಮೊದಲಿಗಿಂತ ಸ್ಪಷ್ಟ.

ಜನಸಂದಣಿಯ ಬಗ್ಗೆ ಬರೆಯುವಾಗ ಮನಸ್ಸು ಭಾರವಾಗುತ್ತದೆ. 2000ದ ಜೂನ್ 30ರಂದು ಡೆನ್ಮಾರ್ಕಿನ ರೋಸ್ಕಿಲ್ಡ್ ಉತ್ಸವದಲ್ಲಿ ರಾಕ್ ತಂಡವೊಂದರ ಪ್ರದರ್ಶನದ ವೇಳೆ ಒಂಬತ್ತು ಜನ ಸತ್ತರು. 2021ರ ನವೆಂಬರ್ 5ರಂದು ಅಮೆರಿಕದ ಹ್ಯೂಸ್ಟನ್‌ನ ಆಸ್ಟ್ರೋವರ್ಲ್ಡ್ ಉತ್ಸವದ ಹಿಪ್‌ಹಾಪ್ ಪ್ರದರ್ಶನದಲ್ಲಿ ಸಂದಣಿಗೆ ಸಿಲುಕಿ ಹತ್ತು ಜನ ಸತ್ತರು. ಇಂಥ ಸಂದಣಿಯಲ್ಲಿ ಜೀವ ಹೋಗುವುದು ಹೆಚ್ಚಾಗಿ ತುಳಿತದಿಂದಲ್ಲ, ನಿಂತಲ್ಲೇ ಎದೆ ಅಮುಕಿ ಉಸಿರು ಕಟ್ಟುವುದರಿಂದ. ಚದರ ಮೀಟರಿಗೆ ನಾಲ್ಕು ಜನ ಇರುವ ತನಕ ನಮ್ಮ ಕಾಲು ನಮ್ಮ ಮಾತು ಕೇಳುತ್ತದೆ. ಆರು ದಾಟಿದ ಮೇಲೆ ಗುಂಪು ನೀರಿನಂತೆ ಹೊಯ್ದಾಡತೊಡಗುತ್ತದೆ. ಎಳ್ಳು ಹಾಕಿದರೂ ನೆಲಕ್ಕೆ ಬೀಳದಷ್ಟು ಜನ ಸೇರಿದ ಮೇಲೆ ಹೊರಡುತ್ತೇನೆಂದರೆ ಆಗದ ಮಾತು, ಅದಕ್ಕೆ ಮೊದಲೇ ಹೊರಡಬೇಕು. ನನ್ನ ಗುರುತು ಇಷ್ಟೇ: ಎರಡೂ ಕೈಯನ್ನು ಮುಖದ ತನಕ ಎತ್ತಲು ಯಾರಿಗೂ ತಗುಲದೆ ಸಾಧ್ಯವಾಗದಿದ್ದರೆ ಮುಂದಿನ ಹಾಡಿಗೆ ಕಾಯುವುದಿಲ್ಲ. ಎದೆಯ ಮುಂದೆ ಮುಷ್ಟಿಗಳನ್ನು ಮಡಚಿ ಉಸಿರಿಗೆ ಜಾಗ ಮಾಡಿಕೊಂಡು, ಗುಂಪಿನ ಅಲೆ ಹಿಂದಕ್ಕೆ ಬರುವಾಗ ಅದರ ಜೊತೆಗೇ ಓರೆಯಾಗಿ ಪಕ್ಕಕ್ಕೆ ಸರಿಯುತ್ತ ಹೊರಬರುತ್ತೇನೆ. ಅಲೆಗೆ ಎದುರು ನೂಕುವುದಿಲ್ಲ, ಬಿದ್ದ ವಸ್ತುವಿಗೆ ಬಗ್ಗುವುದಿಲ್ಲ.

ಮಾಶ್ ಪಿಟ್, ಅಂದರೆ ವೇದಿಕೆಯ ಮುಂದೆ ಜನ ಒಬ್ಬರಿಗೊಬ್ಬರು ಮೈ ತಾಗಿಸಿ ನೂಕಾಡುತ್ತ ಕುಣಿಯುವ ಜಾಗ, ಇದಕ್ಕಿಂತ ಬೇರೆಯದು. ಹೊರಗಿನಿಂದ ನೋಡಿದವರಿಗೆ ಅದು ಹೊಡೆದಾಟದಂತೆ ಕಂಡರೂ ಅದಕ್ಕೆ ಗಟ್ಟಿಯಾದ ಕಟ್ಟುಪಾಡುಗಳಿವೆ. ಎರಡನೆಯ ಸಂಜೆ ನನ್ನ ಎದುರಿನ ಪಿಟ್‌ನಲ್ಲಿ ಒಬ್ಬ ಹುಡುಗ ಜಾರಿ ಬಿದ್ದ. “ಅಣ್ಣಾ, ನಿಲ್ಲಿ, ಒಬ್ಬರು ಬಿದ್ದಿದ್ದಾರೆ!” ಎಂದು ಯಾರೋ ಕೂಗಿದ್ದೇ ತಡ, ಸುತ್ತಲಿನ ಏಳೆಂಟು ಜನ ಕೈ ಚಾಚಿ ಬೆನ್ನಿನ ಗೋಡೆ ಕಟ್ಟಿದರು, ಇಬ್ಬರು ಅವನನ್ನು ಕಂಕುಳಲ್ಲಿ ಹಿಡಿದೆತ್ತಿದರು, ಮೂರನೆಯವನು ಅವನ ಕಳಚಿದ ಶೂ ಒಂದನ್ನು ಎಲ್ಲರಿಗೂ ಕಾಣುವಂತೆ ತಲೆಯ ಮೇಲೆ ಎತ್ತಿ ಹಿಡಿದಿದ್ದ. ಹುಡುಗ ಶೂ ಹಾಕಿಕೊಂಡು ಹೆಬ್ಬೆರಳು ತೋರಿಸುವ ತನಕ ಗೋಡೆ ಕದಲಲಿಲ್ಲ.

ಉಳಿದದ್ದು ಸಣ್ಣಪುಟ್ಟ ತಯಾರಿ. ಜನ ಸೇರಿದ ಮೇಲೆ ಫೋನ್ ಹತ್ತುವುದಿಲ್ಲವೆಂದೇ ತಿಳಿದು, ಜೊತೆಗಾರರು ಸೇರುವ ಜಾಗವನ್ನೂ ಸಮಯವನ್ನೂ ಬೆಳಗ್ಗೆಯೇ ಗೊತ್ತು ಮಾಡಿಕೊಳ್ಳಬೇಕು. ಬಾಯಾರುವ ಮೊದಲೇ ನೀರು ಕುಡಿಯಬೇಕು. ಕಾಲಿಗೆ ಪಳಗಿದ ಶೂ ಬೇಕು, ಹೊಸದು ಬೇಡ.

ಮೂರನೆಯ ರಾತ್ರಿ ಕೊನೆಯ ಪ್ರದರ್ಶನ ಒಂದು ರಾಕ್ ತಂಡದ್ದು. ಕಾಲು ಸೋತಿದ್ದರಿಂದ ನಾನೂ ಗೆಳತಿಯೂ ಗೋಪುರವನ್ನು ದಾಟಿ, ಹಿಂದಿನ ಇಳಿಜಾರಿನಲ್ಲಿ ನಿಂತೆವು. ಹಗಲಿನಲ್ಲಿ ಅದೇ ಜಾಗದಲ್ಲಿ ಬಿಸಿ ನೆಲದ ಮೇಲಿನ ಗಾಳಿ ಶಬ್ದವನ್ನು ಮೇಲಕ್ಕೆ ಬಾಗಿಸಿ ಒಯ್ಯುತ್ತಿತ್ತು, ಡ್ರಮ್ಮಿನ ಜೊತೆಯ ಲೋಹದ ತಟ್ಟೆಗಳಾದ ಸಿಂಬಲ್‌ಗಳ ದನಿ ಗಾಳಿಯ ಜೊತೆ ಬಂದು ಹೋಗುತ್ತಿತ್ತು. ರಾತ್ರಿ ನೆಲ ತಣಿದು, ಕೆಳಗಿನ ಗಾಳಿ ಮೇಲಿನದಕ್ಕಿಂತ ತಂಪಾದಾಗ ಶಬ್ದ ಕೆಳಕ್ಕೆ ಬಾಗಿ ದೂರದವರ ತನಕ ಬರುತ್ತದೆ. ನಾಲ್ಕನೆಯ ಹಾಡಿಗೆ, ಮೊದಲ ದಿನದ ಅದೇ ರ‍್ಯಾಪ್ ಕಲಾವಿದರು ಅತಿಥಿಯಾಗಿ ವೇದಿಕೆಗೆ ಬಂದರು. ಅಷ್ಟು ದೂರದಿಂದ ಅವರು ಬೆರಳುದ್ದದ ಒಂದು ಆಕೃತಿ. ಗಿಟಾರ್‌ಗಳು ತಗ್ಗಿದವು, ಡ್ರಮ್ ಮಾತ್ರ ಉಳಿಯಿತು, ಅವರು ಹೇಳತೊಡಗಿದರು. ಮೂರನೆಯ ಸಾಲಿನಲ್ಲಿ ಒಂದು ಪದವನ್ನು ಅವರು ಬದಲಿಸಿದ್ದರು. ನಾನು ಗೆಳತಿಯ ಕಡೆ ತಿರುಗಿದೆ, ಅವಳು ಆಗಲೇ ನನ್ನ ಕಡೆ ತಿರುಗಿದ್ದಳು.