ಕಾರಣ ಬರೆದು ಕೊಡಿ

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಜನಾಂಗಭೇದದ ದೂರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಮೆರವಣಿಗೆ, ಭಾಷಣ ಕಡಿಮೆ. ಕಾಗದಪತ್ರವೇ ಜಾಸ್ತಿ.

1972ರಲ್ಲಿ ಇಲ್ಲಿನ ಸಿಟಿ ಕೌನ್ಸಿಲ್ ಉಗಾಂಡಾದ ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಿತ್ತು. ಅಲ್ಲಿನ ಸರ್ವಾಧಿಕಾರಿ ಇದಿ ಅಮೀನ್ ಹೊರಗಟ್ಟಿದ ಏಷ್ಯನ್ನರು (ಹೆಚ್ಚಿನವರು ಭಾರತೀಯ ಮೂಲದವರು) ಲೆಸ್ಟರ್‌ಗೆ ಬರಬೇಡಿ ಅಂತ. ಆದರೂ ಬಂದರು. 1974ರಲ್ಲಿ ಇಂಪೀರಿಯಲ್ ಟೈಪ್‌ರೈಟರ್ಸ್ ಕಾರ್ಖಾನೆಯ ಏಷ್ಯನ್ ಕೆಲಸಗಾರರು ಬೋನಸ್ಸಿನಲ್ಲಿ ಮೋಸ ಆಗಿದೆ ಎಂದು ಮುಷ್ಕರ ಹೂಡಿದಾಗ ಅವರದೇ ಯೂನಿಯನ್ ಬೆನ್ನಿಗೆ ನಿಲ್ಲಲಿಲ್ಲ. 2021ರ ಜನಗಣತಿಯಲ್ಲಿ ಊರಿನ ಶೇ. 43ರಷ್ಟು ಜನ ಏಷ್ಯನ್ನರು. 'ಈಗೇನು ತೊಂದರೆ, ಎಲ್ಲಾ ನಿಮ್ಮವರೇ ಅಲ್ವಾ?' ಅಂತಾರೆ. ಸೂಪರ್‌ವೈಸರ್ ಯಾರು ಅಂತ ನೋಡಿ, ಅಂತೀನಿ ನಾನು.

ನನ್ನ ಕೈಗೆ ಸಿಕ್ಕ ಒಳ್ಳೇ ಹತಾರ ಅಂದರೆ 1976ರ ರೇಸ್ ರಿಲೇಷನ್ಸ್ ಕಾಯ್ದೆಯ, ಅಂದರೆ ಜನಾಂಗಭೇದ ತಡೆಯುವ ಕಾನೂನಿನ, ಪ್ರಶ್ನಾವಳಿ. ದೂರು ಇದ್ದವರು ಅದನ್ನು ಮಾಲೀಕರಿಗೆ ಕಳಿಸಿ ಉತ್ತರ ಕೇಳಬಹುದಿತ್ತು. ಬಡ್ತಿ ಸಿಗದವರು ಬಂದರೆ ಮೊದಲು ಸುಮ್ನೆ ಕೇಳಿಸಿಕೊಳ್ಳುತ್ತಿದ್ದೆ. ಆಮೇಲೆ ತಾರೀಖು ಹಾಕಿ ಎಲ್ಲ ಬರೆಸುತ್ತಿದ್ದೆ. 'ಭೇದ ಮಾಡಿದಿರಾ?' ಎಂದು ಕೇಳಿದರೆ ಯಾರು ತಾನೇ ಹೌದು ಅಂತಾರೆ? ಅದಕ್ಕೇ ಸಣ್ಣ ಪ್ರಶ್ನೆಗಳು: ಎಷ್ಟು ಜನ ಅರ್ಜಿ ಹಾಕಿದ್ದರು? ಅವರಲ್ಲಿ ಬಿಳಿಯರೆಷ್ಟು? ಸಂದರ್ಶನದಲ್ಲಿ ಅಂಕ ಕೊಟ್ಟವರು ಯಾರು? ಆ ಹಾಳೆ ಎಲ್ಲಿ? ಉತ್ತರ ಕೊಡಲೇಬೇಕು ಅಂತೇನೂ ಇರಲಿಲ್ಲ. ಆದರೆ ನುಣುಚಿಕೊಂಡರೆ ಟ್ರಿಬ್ಯೂನಲ್, ಅಂದರೆ ಕೆಲಸದ ತಕರಾರು ವಿಚಾರಿಸುವ ನ್ಯಾಯಮಂಡಳಿ, ಅದನ್ನೇ ಅವರ ವಿರುದ್ಧ ಎಣಿಸಬಹುದಿತ್ತು. ಎಷ್ಟೋ ಸಲ ಆ ಹಾಳೆ ಇರುತ್ತಲೇ ಇರಲಿಲ್ಲ. ಆಗ ರಾಜಿಯ ಮಾತು ತಾನಾಗಿ ಶುರುವಾಗುತ್ತಿತ್ತು.

2014ರಲ್ಲಿ ಸರ್ಕಾರ ಈ ಪ್ರಶ್ನಾವಳಿಯನ್ನು ಕಾನೂನಿನಿಂದ ತೆಗೆದುಹಾಕಿತು. ಮಾಲೀಕರಿಗೆ ಹೊರೆ ಅಂತೆ! ನಾವು ಅದೇ ಪ್ರಶ್ನೆಗಳನ್ನು ಮಾಮೂಲಿ ಪತ್ರದಲ್ಲಿ ಕಳಿಸತೊಡಗಿದೆವು.

ಕಷ್ಟ ಅನಿಸಿದ್ದು ಜಾತಿಯ ದೂರು. ಇಂಡಿಯಾದವರ ಮೇಲೆ ಇಂಡಿಯಾದವರೇ ಕೊಡುವಂಥದ್ದು. ಭೇದಭಾವ ತಡೆಯುವ 2010ರ ಈಕ್ವಾಲಿಟಿ ಕಾಯ್ದೆಯಲ್ಲಿ ಜಾತಿಯನ್ನೂ ಸೇರಿಸಲು ದಾರಿ ಇತ್ತು. 2018ರಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಉಳಿದದ್ದು 2014ರ ಮೇಲ್ಮನವಿ ಟ್ರಿಬ್ಯೂನಲ್‌ನ ತೀರ್ಪು. ಬಿಹಾರದಿಂದ ಕರೆತಂದಿದ್ದ ಮನೆಗೆಲಸದ ಹೆಂಗಸಿನ ಮೊಕದ್ದಮೆ ಅದು. ಜನಾಂಗೀಯ ಮೂಲ ಎನ್ನುವುದರೊಳಗೆ ಜಾತಿಯೂ ಬರಬಹುದು ಎಂದಿತು. ಅಂಥ ದೂರು ಕೈಗೆತ್ತಿಕೊಂಡಾಗ, ಅಲ್ಲಿಯವರೆಗೆ ನನ್ನನ್ನು ಹೊಗಳುತ್ತಿದ್ದ ಕೆಲವರು 'ಮನೆ ವಿಷಯ ಹೊರಗೆ ಯಾಕೆ?' ಎಂದರು. ಸಂಘದ ಊಟಕ್ಕೆ ಕರೆಯುವುದನ್ನೂ ಬಿಟ್ಟರು. ಪ್ರಶ್ನೆಗಳನ್ನು ಅವರಿಗೂ ಕಳಿಸಿದೆ, ಹದಿನಾಲ್ಕು ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಕೊಡಿ ಎಂದು.